ಒಂದೇ ತಕ್ಕಡಿ, ಒಂದೇ ಕಲ್ಲು

ಕಳೆದ ವರ್ಷದ ರಜೆಯಲ್ಲಿ ನಾವು ಊರಿಗೆ ಹೋಗಲಿಲ್ಲ. ಅಮೆರಿಕದ ಸಿಯಾಟಲ್ ಹತ್ತಿರದ ರೆಡ್‌ಮಂಡ್‌ನಲ್ಲಿರುವ ತಂಗಿಯ ಮನೆಗೆ ಕುಟುಂಬ ಸಮೇತ ಹೋಗಿದ್ದೆವು. ಹೊರಡುವ ಮೊದಲು ಡ್ಯೂಟಿಯಲ್ಲಿದ್ದ ಗೆಳೆಯರು, "ಮೈಕ್ರೋಸಾಫ್ಟ್ ನೋಡಿ ಬನ್ನಿ, ಬೋಯಿಂಗ್ ವಿಮಾನದ ಕಾರ್ಖಾನೆ ನೋಡಿ ಬನ್ನಿ" ಎಂದಿದ್ದರು. ಎರಡನ್ನೂ ಹೊರಗಿನಿಂದ ನೋಡಿದೆವು. ಆದರೆ ಮರಳಿ ಬಂದ ಮೇಲೂ ನಮ್ಮ ತಲೆಯಲ್ಲಿ ಉಳಿದದ್ದು ಒಂದು ಮರದ ಗೋಡೆ.

ಆ ಗೋಡೆ ಇರುವುದು ಬೇನ್‌ಬ್ರಿಜ್ ದ್ವೀಪದಲ್ಲಿ. ಸಿಯಾಟಲ್ ಬಂದರಿನಿಂದ ಅಲ್ಲಿಗೆ ಹಡಗಿನಲ್ಲಿ ಸುಮಾರು 35 ನಿಮಿಷ. ನಮ್ಮ ಕಡೆಯ ಹೊಳೆ ದಾಟುವ ಬಾರ್ಜಿನ ಹಾಗೆಯೇ ಕಾರು, ಬಸ್ಸು, ಜನ ಎಲ್ಲವನ್ನೂ ತುಂಬಿಕೊಂಡು ಹೋಗುತ್ತದೆ, ಗಾತ್ರ ಮಾತ್ರ ಬಹಳ ದೊಡ್ಡದು. ದ್ವೀಪದ ಈಗಲ್‌ಡೇಲ್ ಎಂಬಲ್ಲಿ ಹಳೆಯ ಧಕ್ಕೆಗೆ ಇಳಿಯುವ ದಾರಿಯುದ್ದಕ್ಕೂ ದೇವದಾರು ಜಾತಿಯ ಮರದಿಂದ ಕಟ್ಟಿದ 276 ಅಡಿ ಉದ್ದದ ಗೋಡೆಯಿದೆ. ಅದರ ಮೇಲೆ 276 ಹೆಸರುಗಳು. ಎಲ್ಲವೂ ಜಪಾನಿ ಮೂಲದವರ ಹೆಸರುಗಳು. ಈ ಗೋಡೆ 2011ರಲ್ಲಿ ಪೂರ್ಣಗೊಂಡಿತು. ಅಲ್ಲಿ ಬರೆದಿರುವ ಜಪಾನಿ ಮಾತಿನ ಅರ್ಥ: ಮತ್ತೊಮ್ಮೆ ಹೀಗಾಗದಿರಲಿ.

ನಾವು ಬೈಬಲ್ ಓದುತ್ತಾ ಬೆಳೆದ ಮನೆಯವರು. ನ್ಯಾಯ, ದಯೆ ಎಂಬ ಮಾತುಗಳನ್ನು ಭಾನುವಾರದ ಶಾಲೆಯಿಂದಲೂ ಕೇಳಿದ್ದೇವೆ. ಆದರೆ ಊರಿಗೆ ಊರೇ ಎರಡು ಪಾಲಾಗಿ ನಿಂತಾಗ ಆ ಮಾತುಗಳನ್ನು ಕೈಕಾಲಿನಿಂದ ಮಾಡಿ ತೋರಿಸುವುದು ಹೇಗೆ ಎಂಬುದು ಆ ಗೋಡೆಯ ಮುಂದೆ ನಿಂತಾಗ ಸ್ವಲ್ಪ ತಿಳಿಯಿತು. ನಮ್ಮದೇ ಒಂದು ತಪ್ಪೂ ನೆನಪಾಯಿತು. ಅದನ್ನು ಕೊನೆಯಲ್ಲಿ ಹೇಳುತ್ತೇವೆ.

ಆರು ದಿನಗಳ ಗಡುವು

1941ರ ಡಿಸೆಂಬರ್ 7ರಂದು ಜಪಾನ್ ಅಮೆರಿಕದ ಪರ್ಲ್ ಹಾರ್ಬರ್ ನೌಕಾನೆಲೆಯ ಮೇಲೆ ಬಾಂಬು ಹಾಕಿತು. ದೇಶವೆಲ್ಲ ಸಿಟ್ಟಿನಿಂದ ಕುದಿಯುತ್ತಿತ್ತು. ಆ ಸಿಟ್ಟು ಜಪಾನಿನ ಸೈನ್ಯದ ಮೇಲಷ್ಟೇ ನಿಲ್ಲಲಿಲ್ಲ, ಪಕ್ಕದ ಮನೆಯಲ್ಲಿದ್ದ ಜಪಾನಿ ಮುಖದ ಮೇಲೂ ತಿರುಗಿತು. 1942ರ ಫೆಬ್ರವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟ್ 9066ನೇ ಆದೇಶಕ್ಕೆ ಸಹಿ ಹಾಕಿದರು. ಅದರ ಬಲದಿಂದ ಪಶ್ಚಿಮ ಕರಾವಳಿಯಲ್ಲಿದ್ದ ಸುಮಾರು 1,20,000 ಜಪಾನಿ ಮೂಲದ ಜನರನ್ನು ಮನೆಯಿಂದ ಎಬ್ಬಿಸಿ ಮುಳ್ಳುತಂತಿಯ ಶಿಬಿರಗಳಿಗೆ ಸಾಗಿಸಲಾಯಿತು. ಅವರಲ್ಲಿ ಮೂರರಲ್ಲಿ ಎರಡು ಪಾಲು ಜನ ಅಮೆರಿಕದಲ್ಲೇ ಹುಟ್ಟಿದ, ಅಮೆರಿಕದ ಪೌರರು.

ಮೊಟ್ಟಮೊದಲು ಎಬ್ಬಿಸಿದ್ದು ಈ ಬೇನ್‌ಬ್ರಿಜ್ ದ್ವೀಪದವರನ್ನು. ಹತ್ತಿರದಲ್ಲಿ ನೌಕಾಪಡೆಯ ಹಡಗುಕಟ್ಟೆ ಇತ್ತು ಎಂಬುದು ಕಾರಣ. ಆದೇಶ ಬಂದ ಆರು ದಿನಗಳಲ್ಲಿ, ಅಂದರೆ 1942ರ ಮಾರ್ಚ್ 30ರಂದು, 227 ಜನ ಕೈಯಲ್ಲಿ ಹೊರುವಷ್ಟು ಸಾಮಾನು ಹಿಡಿದು ಅದೇ ಧಕ್ಕೆಯಿಂದ ಹಡಗು ಹತ್ತಿದರು. ಹೆಚ್ಚಿನವರು ಸ್ಟ್ರಾಬೆರಿ ಬೆಳೆಯುವ ರೈತರು. ಬೆಳೆ ಗದ್ದೆಯಲ್ಲಿಯೇ ಉಳಿಯಿತು. ಕೆಲವು ಕುಟುಂಬಗಳ ತೋಟವನ್ನು ಅಲ್ಲೇ ದುಡಿಯುತ್ತಿದ್ದ ಫಿಲಿಪೀನ್ಸಿನ ಕೂಲಿಯಾಳುಗಳು ನೋಡಿಕೊಂಡರು. ದಿನವೂ ಫಿಲಿಪೀನ್ಸಿನವರ ಜೊತೆ ಕೆಲಸ ಮಾಡುವ ನಮಗೆ ಇದನ್ನು ಓದಿದಾಗ ಮನಸ್ಸು ತುಂಬಿ ಬಂತು.

ಇದ್ದಕ್ಕಿದ್ದಂತೆ ಗಂಟು ಕಟ್ಟಿ ಹೊರಡುವುದು ಎಂದರೇನು ಎಂದು ಗಲ್ಫ್‌ನಲ್ಲಿರುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1990ರಲ್ಲಿ ಕುವೈತ್ ಬಿಟ್ಟು ಬಂದ ಹಿರಿಯರು ನಮ್ಮ ನಡುವೆ ಈಗಲೂ ಇದ್ದಾರೆ. ಆದರೆ ನಮಗೆ ಮರಳಲು ಒಂದು ಊರು ಇತ್ತು. ಈ ಜನರಿಗೆ ಇದ್ದ ಊರೇ ಅದು.

ಒಂದು ಪುಟ್ಟ ಪತ್ರಿಕೆ

ದ್ವೀಪದಲ್ಲಿ ಬೇನ್‌ಬ್ರಿಜ್ ರಿವ್ಯೂ ಎಂಬ ಸಣ್ಣ ವಾರಪತ್ರಿಕೆ ಇತ್ತು. ವಾಲ್ಟ್ ವುಡ್‌ವರ್ಡ್ ಮತ್ತು ಮಿಲ್ಲಿ ವುಡ್‌ವರ್ಡ್ ಎಂಬ ಗಂಡ ಹೆಂಡತಿ ಅದನ್ನು ನಡೆಸುತ್ತಿದ್ದರು. ಪಶ್ಚಿಮ ಕರಾವಳಿಯ ದೊಡ್ಡ ದೊಡ್ಡ ಪತ್ರಿಕೆಗಳು ಈ ಗಡೀಪಾರನ್ನು ಬೆಂಬಲಿಸುತ್ತಿದ್ದಾಗ ಇವರು ಮೊದಲ ವಾರದಿಂದಲೇ ಇದು ಸರಿಯಲ್ಲ ಎಂದು ಬರೆದರು. ನೆರೆಯವರನ್ನು ನಂಬಿ ಎಂದರು. ಓದುಗರು ಬಿಟ್ಟು ಹೋದರು, ಜಾಹೀರಾತು ಕಡಿಮೆಯಾಯಿತು. ಆದರೂ ಬರೆಯುವುದನ್ನು ನಿಲ್ಲಿಸಲಿಲ್ಲ.

ಅವರು ಮಾಡಿದ ಇನ್ನೊಂದು ಕೆಲಸ ನಮಗೆ ಹೆಚ್ಚು ಹಿಡಿಸಿತು. ಶಿಬಿರಕ್ಕೆ ಹೋದ ಹುಡುಗರಲ್ಲಿ ಕೆಲವರನ್ನು ಪತ್ರಿಕೆಯ ವರದಿಗಾರರನ್ನಾಗಿ ನೇಮಿಸಿದರು. ಆ ಹುಡುಗರು ವಾರವಾರವೂ ಸುದ್ದಿ ಕಳುಹಿಸುತ್ತಿದ್ದರು: ಯಾರಿಗೆ ಮಗು ಹುಟ್ಟಿತು, ಯಾರ ಮದುವೆಯಾಯಿತು, ಯಾರು ತೀರಿಕೊಂಡರು, ಆಟದಲ್ಲಿ ಯಾರು ಗೆದ್ದರು. ದ್ವೀಪದಲ್ಲಿ ಉಳಿದವರು ಅದನ್ನು ಓದುತ್ತಿದ್ದರು. ದೂರದಲ್ಲಿದ್ದವರು "ಶತ್ರುಗಳು" ಆಗಿ ಹೋಗದೆ ಪಕ್ಕದ ಮನೆಯವರಾಗಿಯೇ ಉಳಿಯಲಿ ಎಂಬುದು ಉದ್ದೇಶ. ಯುದ್ಧ ಮುಗಿಯುವ ಹೊತ್ತಿಗೆ ಇವರು ವಾಪಸು ಬರಬಾರದು ಎಂದು ಕೆಲವರು ಗಲಾಟೆ ಎಬ್ಬಿಸಿದಾಗ ಅವರ ಪತ್ರಗಳನ್ನೂ ವುಡ್‌ವರ್ಡ್ ದಂಪತಿ ಪ್ರಕಟಿಸಿದರು, ತಮ್ಮ ಉತ್ತರವನ್ನೂ ಪ್ರಕಟಿಸಿದರು. ಕೊನೆಗೆ ಬೇನ್‌ಬ್ರಿಜ್‌ನಿಂದ ಹೋದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಮರಳಿ ಬಂದು ಅಲ್ಲೇ ನೆಲೆಸಿದರು.

ಇಲ್ಲಿ ಒಂದು ಮಾತು ಗಮನಿಸಬೇಕು. ಜಗಳ ಬೇಡ ಎಂದು ನಡುವೆ ನಿಂತುಬಿಡುವುದೇ ನ್ಯಾಯ ಎಂದು ನಾವು ಹೆಚ್ಚಾಗಿ ತಿಳಿಯುತ್ತೇವೆ. ಈ ದಂಪತಿ ನಡುವೆ ನಿಲ್ಲಲಿಲ್ಲ, ಪಕ್ಷ ವಹಿಸಿದರು. ಆದರೆ ಎದುರು ಪಕ್ಷದವನ ಬಾಯಿ ಮುಚ್ಚಿಸಲಿಲ್ಲ.

ನೀಲಿ ಗಾಡಿಯ ಪಾದ್ರಿ

ಸಿಯಾಟಲ್ ನಗರದ ಜಪಾನಿ ಮೂಲದವರನ್ನು ಮೊದಲು ಪುಯಾಲಪ್ ಎಂಬ ಊರಿನ ಜಾತ್ರೆಯ ಮೈದಾನದಲ್ಲಿ ಕೂಡಿಹಾಕಿ, ಆಮೇಲೆ ಐಡಾಹೋ ರಾಜ್ಯದ ಮಿನಿಡೋಕಾ ಎಂಬ ಬಯಲು ಸೀಮೆಯ ಶಿಬಿರಕ್ಕೆ ಸಾಗಿಸಿದರು. ಸಿಯಾಟಲ್‌ನ ಜಪಾನೀಸ್ ಬ್ಯಾಪ್ಟಿಸ್ಟ್ ಚರ್ಚಿಗೆ ಎಮರಿ ಆಂಡ್ರೂಸ್ ಎಂಬ ಬಿಳಿಯ ಪಾದ್ರಿ ಇದ್ದರು. ಅವರ ಸಭೆಯ ಜನರೆಲ್ಲ ಹೋದ ಮೇಲೆ ಚರ್ಚು ಬರಿದಾಯಿತು. ಅವರು ಬೇರೆ ಸಭೆ ಹುಡುಕಿಕೊಳ್ಳಬಹುದಿತ್ತು. ಹಾಗೆ ಮಾಡದೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ಶಿಬಿರದ ಹತ್ತಿರದ ಟ್ವಿನ್ ಫಾಲ್ಸ್ ಊರಿಗೆ ಹೋಗಿ ನೆಲೆಸಿದರು.

ಅಲ್ಲಿ ಅವರಿಗೆ ಹೋಟೆಲಿನಲ್ಲಿ ಊಟ ಕೊಡಲು ನಿರಾಕರಿಸಿದವರು ಇದ್ದರು. ಇದ್ದ ಬಾಡಿಗೆ ಮನೆಯನ್ನೂ ಬಿಡಬೇಕಾಯಿತು. ಆದರೂ ನೀಲಿ ಬಣ್ಣದ ಒಂದು ವ್ಯಾನಿನಲ್ಲಿ ಸಿಯಾಟಲ್‌ಗೂ ಶಿಬಿರಕ್ಕೂ 56 ಸಲ ಹೋಗಿ ಬಂದರು. ಜನರು ಬಿಟ್ಟು ಹೋಗಿದ್ದ ಸಾಮಾನುಗಳನ್ನು ಚರ್ಚಿನ ಆಟದ ಹಾಲಿನಲ್ಲಿ ತುಂಬಿಸಿ ಇಟ್ಟಿದ್ದರು. ಒಬ್ಬರಿಗೆ ಹೊಲಿಗೆ ಯಂತ್ರ ಬೇಕು, ಇನ್ನೊಬ್ಬರಿಗೆ ಚಳಿಯ ಬಟ್ಟೆ ಬೇಕು ಎಂದರೆ ಹೋಗಿ ಹುಡುಕಿ ತರುವ ಕೆಲಸ ಅವರದು. ಊರಿಗೆ ಹೋಗುವವರ ಕೈಯಲ್ಲಿ ಔಷಧಿ, ಕನ್ನಡಕ, ಮಕ್ಕಳ ಬಟ್ಟೆ ಕಳುಹಿಸುವ ನಮಗೆ ಈ ಕೆಲಸದ ಬೆಲೆ ಗೊತ್ತು. ದಯೆ ಎನ್ನುವುದು ಹೆಚ್ಚಾಗಿ ಲಗೇಜಿನ ತೂಕದಲ್ಲಿಯೇ ಇರುತ್ತದೆ.

ಓಡಲು ಒಪ್ಪದ ವಿದ್ಯಾರ್ಥಿ

ಮೂರನೆಯವರು ಗಾರ್ಡನ್ ಹಿರಾಬಯಾಶಿ. 1918ರಲ್ಲಿ ಸಿಯಾಟಲ್‌ನಲ್ಲಿ ಹುಟ್ಟಿದವರು. ತಂದೆ ತಾಯಿ ಜಪಾನಿನಿಂದ ಬಂದ ಕ್ರೈಸ್ತರು. ಗಾರ್ಡನ್ ವಾಷಿಂಗ್ಟನ್ ವಿಶ್ವವಿದ್ಯಾಲಯದ ವಿದ್ಯಾರ್ಥಿ, ಶಾಂತಿಯನ್ನು ವ್ರತವಾಗಿ ಹಿಡಿದ ಕ್ವೇಕರ್ ಪಂಥಕ್ಕೆ ಸೇರಿದ್ದರು. ಜಪಾನಿ ಮೂಲದವರು ರಾತ್ರಿ 8ರ ಮೇಲೆ ಹೊರಗಿರಬಾರದು ಎಂಬ ಕರ್ಫ್ಯೂ ಬಂದಾಗ ಅವರೂ ಎಲ್ಲರಂತೆ ಗ್ರಂಥಾಲಯದಿಂದ ಹಾಸ್ಟೆಲಿಗೆ ಓಡುತ್ತಿದ್ದರು. ಒಂದು ರಾತ್ರಿ ಅವರಿಗೆ ಅನಿಸಿತು: ಪಕ್ಕದಲ್ಲಿ ಕುಳಿತ ಗೆಳೆಯರು ಓಡಬೇಕಾಗಿಲ್ಲ, ನಾನು ಮಾತ್ರ ಯಾಕೆ ಓಡಬೇಕು? ನಾನೂ ಇದೇ ದೇಶದವನಲ್ಲವೇ? ಮರಳಿ ಹೋಗಿ ಓದುತ್ತಾ ಕುಳಿತರು.

1942ರ ಮೇ 16ರಂದು ವಕೀಲರೊಬ್ಬರನ್ನು ಜೊತೆ ಮಾಡಿಕೊಂಡು ತಾವೇ ಎಫ್‌ಬಿಐ ಕಚೇರಿಗೆ ಹೋಗಿ, ಗಡೀಪಾರಿಗೆ ಯಾಕೆ ಹೆಸರು ಬರೆಸುವುದಿಲ್ಲ ಎಂಬುದನ್ನು ಬರೆದು ಕೊಟ್ಟರು. ತಿಂಗಳುಗಟ್ಟಲೆ ಜೈಲು. ಅಕ್ಟೋಬರಿನಲ್ಲಿ ಶಿಕ್ಷೆ. 1943ರ ಜೂನ್ 21ರಂದು ಅಮೆರಿಕದ ಸುಪ್ರೀಂ ಕೋರ್ಟ್ ಒಮ್ಮತದಿಂದ ಅವರ ವಿರುದ್ಧ ತೀರ್ಪು ಕೊಟ್ಟಿತು.

ಮುಂದಿನದು ನಗು ಬರಿಸುವ ಪ್ರಸಂಗ. 90 ದಿನಗಳ ಶಿಕ್ಷೆ ಅನುಭವಿಸಲು ಅವರು ಅರಿಝೋನಾದ ಟೂಸಾನ್ ಶಿಬಿರಕ್ಕೆ ಹೋಗಬೇಕಿತ್ತು. ಕಳುಹಿಸಲು ಸರ್ಕಾರದ ಬಳಿ ಹಣವಿಲ್ಲ ಎಂದರು. ಅವರು ಸಿಕ್ಕ ಸಿಕ್ಕ ವಾಹನಗಳಿಗೆ ಕೈ ತೋರಿಸಿ ಸಾವಿರ ಮೈಲಿಗೂ ಹೆಚ್ಚು ದೂರ ಪ್ರಯಾಣ ಮಾಡಿ ತಾವೇ ಜೈಲಿನ ಬಾಗಿಲಿಗೆ ಹೋದರು! ಅಲ್ಲಿ ನೋಡಿದರೆ ಇವರ ಕಾಗದಪತ್ರವೇ ಸಿಗಲಿಲ್ಲ. ಮನೆಗೆ ಹೋಗು ಎಂದರು. ಇವರು ಒಪ್ಪಲಿಲ್ಲ. ಹಾಗಾದರೆ ಒಂದು ಸಿನಿಮಾ ನೋಡಿ ಬಾ, ಅಷ್ಟರಲ್ಲಿ ಹುಡುಕುತ್ತೇವೆ ಎಂದರು. ಸಂಜೆ ಮರಳಿ ಬಂದರು, ಒಳಗೆ ಹಾಕಿದರು.

ನಲವತ್ತು ವರ್ಷಗಳ ನಂತರ ಪೀಟರ್ ಐರನ್ಸ್ ಎಂಬ ಕಾನೂನು ಪಂಡಿತರು ಮತ್ತು ಐಕೊ ಹರ್ಝಿಗ್ ಯೋಶಿನಾಗಾ ಎಂಬ ಸಂಶೋಧಕಿ ಹಳೆಯ ಕಡತಗಳನ್ನು ಕೆದಕಿದಾಗ, ಸರ್ಕಾರ ಮುಖ್ಯ ಸಾಕ್ಷ್ಯವನ್ನು ಕೋರ್ಟಿನಿಂದ ಮುಚ್ಚಿಟ್ಟಿದ್ದು ಹೊರಬಂತು. 1987ರಲ್ಲಿ ಹಿರಾಬಯಾಶಿ ಅವರ ಮೇಲಿನ ಎರಡೂ ಶಿಕ್ಷೆಗಳು ರದ್ದಾಗಿ ಹೋದವು. 1988ರ ಆಗಸ್ಟ್ 10ರಂದು ಅಧ್ಯಕ್ಷ ರೇಗನ್ ಸಹಿ ಹಾಕಿದ ಕಾನೂನಿನಲ್ಲಿ ಅಮೆರಿಕ ಸರ್ಕಾರ ಕ್ಷಮೆ ಕೇಳಿ, ಶಿಬಿರ ಕಂಡವರಲ್ಲಿ ಬದುಕಿದ್ದ ಪ್ರತಿಯೊಬ್ಬರಿಗೂ 20,000 ಡಾಲರ್ ಕೊಟ್ಟಿತು. ಹಿರಾಬಯಾಶಿ ಸಮಾಜಶಾಸ್ತ್ರದ ಪ್ರಾಧ್ಯಾಪಕರಾಗಿ ಬೈರೂತ್, ಕೈರೋಗಳಲ್ಲೂ ಪಾಠ ಹೇಳಿ, ಕೆನಡಾದಲ್ಲಿ ನೆಲೆಸಿ, 2012ರ ಜನವರಿ 2ರಂದು ತೀರಿಕೊಂಡರು. ಅದೇ ವರ್ಷ ದೇಶದ ಅತ್ಯುನ್ನತ ನಾಗರಿಕ ಪದಕವನ್ನು ಮರಣೋತ್ತರವಾಗಿ ಅವರಿಗೆ ಕೊಟ್ಟರು. ಅವರು ಇದ್ದ ಜೈಲು ಶಿಬಿರದ ಜಾಗಕ್ಕೆ ಈಗ ಅವರದೇ ಹೆಸರು.

ಮೀಕನ ಮೂರು ಮಾತು

ಬೈಬಲಿನಲ್ಲಿ ಮೀಕ ಎಂಬ ಪ್ರವಾದಿಯ ಒಂದು ಸಣ್ಣ ಪುಸ್ತಕವಿದೆ. ಮೀಕ ಹಳ್ಳಿಯವನು. ದೊಡ್ಡವರು ಬಡವರ ಹೊಲ ಕಿತ್ತುಕೊಂಡು, ಆಮೇಲೆ ಗುಡಿಗೆ ಭಾರೀ ಕಾಣಿಕೆ ತರುವುದನ್ನು ಕಂಡು ಸಿಟ್ಟಾದವನು. ದೇವರು ಕೇಳುವುದು ಹರಕೆಯ ಪ್ರಾಣಿಗಳನ್ನಲ್ಲ, ಮೂರು ಸಂಗತಿಗಳನ್ನು ಎಂದು ಅವನು ಹೇಳುತ್ತಾನೆ. ನ್ಯಾಯ ನಡೆಸಬೇಕು, ದಯೆಯನ್ನು ಪ್ರೀತಿಸಬೇಕು, ದೇವರ ಮುಂದೆ ತಗ್ಗಿ ನಡೆಯಬೇಕು.

ಮೂರೂ ಒಟ್ಟಿಗೆ ಯಾಕೆ ಬೇಕು ಎಂಬುದು ಸಿಯಾಟಲ್ ಕಥೆಯಲ್ಲಿ ಕಾಣುತ್ತದೆ. ಆಂಡ್ರೂಸ್ ಪಾದ್ರಿಯ ದಯೆಯಿಂದ ಶಿಬಿರದೊಳಗಿನ ಬದುಕು ಹಗುರವಾಯಿತು, ಆದರೆ ಮುಳ್ಳುತಂತಿ ತೆರೆಯಲಿಲ್ಲ. ಅದಕ್ಕೆ ಹಿರಾಬಯಾಶಿಯಂಥವರ ನ್ಯಾಯದ ಹಟ ಬೇಕಾಯಿತು. ಹಟ ಒಂದೇ ಇದ್ದಿದ್ದರೆ, ಕೋರ್ಟು ನಲವತ್ತು ವರ್ಷ ತಡ ಮಾಡಿದಾಗ ಶಿಬಿರದ ಮುದುಕಿಗೆ ಚಳಿಯ ಬಟ್ಟೆ ತಂದುಕೊಡುವವರು ಯಾರೂ ಇರುತ್ತಿರಲಿಲ್ಲ. ತಗ್ಗಿ ನಡೆಯುವುದು ಇಲ್ಲದಿದ್ದರೆ, ಒಂದು ದೇಶ ತಾನು ತಪ್ಪಿದೆ ಎಂದು ಹೇಳುವುದೇ ಸಾಧ್ಯವಿಲ್ಲ.

ಧರ್ಮೋಪದೇಶಕಾಂಡದಲ್ಲಿ ಇನ್ನೊಂದು ಮಾತಿದೆ. ಚೀಲದಲ್ಲಿ ದೊಡ್ಡದೊಂದು, ಚಿಕ್ಕದೊಂದು ಹೀಗೆ ಎರಡು ಬಗೆಯ ತೂಕದ ಕಲ್ಲು ಇಟ್ಟುಕೊಳ್ಳಬಾರದು ಎಂಬ ಆಜ್ಞೆ. ಔಷಧಿ ತೂಗುವುದನ್ನು ಕಲಿತ ನಮಗೆ ಇದು ಬೇಗ ಅರ್ಥವಾಗುತ್ತದೆ. ಡಿಪ್ಲೊಮಾ ಓದುವಾಗ ಲ್ಯಾಬಿನಲ್ಲಿ ತೂಕದ ಕಲ್ಲನ್ನು ಬೆರಳಿನಿಂದ ಮುಟ್ಟಲು ಬಿಡುತ್ತಿರಲಿಲ್ಲ, ಚಿಮಟದಿಂದಲೇ ಎತ್ತಬೇಕಿತ್ತು. ಕೈಯ ಬೆವರು ತಾಗಿದರೂ ತೂಕ ಬದಲಾಗುತ್ತದೆ. ರಾಜಕೀಯದಲ್ಲಿ ನಾವೆಲ್ಲರೂ ಕಲ್ಲನ್ನು ಬೆವರು ಕೈಯಿಂದಲೇ ಹಿಡಿಯುತ್ತೇವೆ. ನಮ್ಮ ಪಕ್ಷದವನು ಮಾಡಿದರೆ "ಸಣ್ಣ ತಪ್ಪು", ಎದುರು ಪಕ್ಷದವನು ಮಾಡಿದರೆ "ದೇಶದ್ರೋಹ". ನಮ್ಮ ಜಾತಿಯ ಹುಡುಗ ಹೊಡೆದರೆ "ಆವೇಶ", ಬೇರೆಯವನು ಹೊಡೆದರೆ "ಸಂಚು".

ಇದು ಕ್ರೈಸ್ತರಿಗೆ ಮಾತ್ರ ಹೇಳಿದ ಮಾತಲ್ಲ. ಸ್ವಂತದವರ ವಿರುದ್ಧವಾದರೂ ಸರಿ, ನ್ಯಾಯದ ಸಾಕ್ಷಿ ಹೇಳಬೇಕೆಂದು ಕುರ್‌ಆನ್ ಹೇಳುತ್ತದೆ. ಧರ್ಮದ ಬೇರು ಎಲ್ಲಿದೆ ಎಂದು ಕೇಳಿದಾಗ ಬಸವಣ್ಣನವರು ತೋರಿಸಿದ್ದೂ ದಯೆಯನ್ನೇ.

ನಾವೂ ಆ ಪಟ್ಟಿಯಲ್ಲಿದ್ದೆವು

ಜಪಾನಿನವರ ಕಥೆ ನಮಗೇನು ಎಂದು ಕೇಳುವವರಿಗೆ ಇನ್ನೊಂದು ಸಂಗತಿ. ಸಿಯಾಟಲ್‌ನಿಂದ ಉತ್ತರಕ್ಕೆ ಸುಮಾರು 145 ಕಿಲೋಮೀಟರ್ ದೂರದಲ್ಲಿ ಬೆಲ್ಲಿಂಗ್‌ಹ್ಯಾಮ್ ಎಂಬ ಊರಿದೆ. 1907ರ ಸೆಪ್ಟೆಂಬರ್ 4ರ ರಾತ್ರಿ ಅಲ್ಲಿ ನೂರಾರು ಬಿಳಿಯರ ಗುಂಪು ಮರದ ಮಿಲ್ಲುಗಳಲ್ಲಿ ದುಡಿಯುತ್ತಿದ್ದ ಭಾರತೀಯರ ವಸತಿಗಳಿಗೆ ನುಗ್ಗಿ ಹೊಡೆದು ಹೊರಗೆಳೆಯಿತು. ಅವರಲ್ಲಿ ಹೆಚ್ಚಿನವರು ಪಂಜಾಬಿನ ಸಿಖ್ಖರು. ಕಡಿಮೆ ಕೂಲಿಗೆ ದುಡಿದು ನಮ್ಮ ಕೆಲಸ ಕಸಿಯುತ್ತಾರೆ ಎಂಬುದು ಆರೋಪ. ಕೆಲವೇ ದಿನಗಳಲ್ಲಿ ಎಲ್ಲ ಭಾರತೀಯರೂ ಊರು ಬಿಟ್ಟರು. ನೂರು ವರ್ಷ ಕಳೆದ ಮೇಲೆ, 2007ರಲ್ಲಿ, ಆ ನಗರದ ಮೇಯರ್ ಕ್ಷಮೆ ಕೇಳಿದರು. ಅಂದು ಆ ದಾಳಿಯ ಫಲವನ್ನು ಮೆಚ್ಚಿದ್ದ ಊರಿನ ಪತ್ರಿಕೆಯೂ ಕ್ಷಮೆ ಕೇಳಿತು. ಈಗ ಅಲ್ಲೊಂದು ಕಲ್ಲಿನ ಕಮಾನು ನಿಂತಿದೆ.

ನಮ್ಮ ಕರಾವಳಿಯಲ್ಲೂ ಇಂಥದ್ದು ನಡೆದಿದೆ. ಮಂಗಳೂರಿಗೆ ಹಂಚಿನ ಕಾರ್ಖಾನೆ, ಅಚ್ಚುಕೂಟ ತಂದದ್ದು 1834ರಲ್ಲಿ ಬಂದ ಬಾಸೆಲ್ ಮಿಷನ್. ಕನ್ನಡದ ಮೊದಲ ಪತ್ರಿಕೆ ಮಂಗಳೂರು ಸಮಾಚಾರ, ಕಿಟ್ಟೆಲ್ ನಿಘಂಟು ಎಲ್ಲ ಅದೇ ಬಳಗದ ಕೊಡುಗೆ. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದ ಮೇಲೆ ಬ್ರಿಟಿಷ್ ಸರ್ಕಾರ ಆ ಮಿಷನಿನ ಜರ್ಮನ್ನರನ್ನು ಶತ್ರು ದೇಶದವರೆಂದು ಹಿಡಿದು ಬಂಧನದಲ್ಲಿಟ್ಟು, ಆಮೇಲೆ ದೇಶ ಬಿಡಿಸಿತು. ಹಂಚಿನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಹುಟ್ಟಿದ ಜಾಗವನ್ನೇ ಅಪರಾಧ ಮಾಡುವುದು ಎಲ್ಲ ದೇಶಕ್ಕೂ ಬರುವ ರೋಗ.

ತಮ್ಮ ತಪ್ಪಿನಿಂದ ಶುರು

ಸಿಯಾಟಲ್ ಕಡೆಯ ಚರ್ಚುಗಳು ಯಾವಾಗಲೂ ಸರಿಯಾಗಿ ನಡೆದುಕೊಂಡವು ಎಂದು ಹೇಳಿದರೆ ಸುಳ್ಳಾಗುತ್ತದೆ. ಅಲ್ಲಿನ ಮೂಲನಿವಾಸಿಗಳ ಪೂಜೆ, ಪದ್ಧತಿಗಳನ್ನು ಹತ್ತಿಕ್ಕುವಲ್ಲಿ ಚರ್ಚುಗಳ ಪಾಲಿತ್ತು. 1987ರಲ್ಲಿ ಆ ಪ್ರದೇಶದ ಹಲವು ಸಭೆಗಳ ಬಿಷಪ್ಪರು, ಮುಖಂಡರು ಒಟ್ಟಾಗಿ ಸಹಿ ಹಾಕಿ ಮೂಲನಿವಾಸಿ ಮುಖಂಡರಲ್ಲಿ ಬಹಿರಂಗವಾಗಿ ಕ್ಷಮೆ ಕೇಳಿದರು.

2001ರ ಸೆಪ್ಟೆಂಬರ್ 11ರ ದಾಳಿಯಾದ ಎರಡು ದಿನಕ್ಕೆ ಸಿಯಾಟಲ್‌ನ ಉತ್ತರ ಭಾಗದ ಇದ್ರಿಸ್ ಮಸೀದಿಯ ಬಳಿ ಒಬ್ಬ ಬೆಂಕಿ ಹಚ್ಚಲು ಪ್ರಯತ್ನಿಸಿದ, ತಡೆಯಲು ಬಂದವರ ಮೇಲೆ ಬಂದೂಕು ಎತ್ತಿದ. ಆಮೇಲೆ ಏನಾಯಿತು ಗೊತ್ತೇ? ಸುತ್ತಮುತ್ತಲಿನ ಬೇರೆ ಧರ್ಮದ ಜನ ಬಂದು ಮಸೀದಿಯ ಹೊರಗೆ ಸರದಿಯಲ್ಲಿ ಕಾವಲು ನಿಂತರು. ಅದೇ ಸಮಯದಲ್ಲಿ ಟೆಡ್ ಫಾಲ್ಕನ್ ಎಂಬ ಯಹೂದಿ ರಬ್ಬಿ, ಡಾನ್ ಮೆಕೆಂಝಿ ಎಂಬ ಪಾದ್ರಿ, ಬಾಂಗ್ಲಾದೇಶ ಮೂಲದ ಜಮಾಲ್ ರಹಮಾನ್ ಎಂಬ ಇಮಾಮ್ ಗೆಳೆಯರಾಗಿ ಒಟ್ಟಿಗೆ ಊರೂರಿಗೆ ಹೋಗಿ ಮಾತಾಡತೊಡಗಿದರು. ಅವರ ಮಾತಿನ ಕ್ರಮ ನಮಗೆ ಬಹಳ ಮೆಚ್ಚುಗೆಯಾಯಿತು. ಪ್ರತಿಯೊಬ್ಬರೂ ಮೊದಲು ತಮ್ಮ ಧರ್ಮದ ಒಳ್ಳೆಯದನ್ನು ಹೇಳುವುದು, ಆಮೇಲೆ ತಮ್ಮದೇ ಧರ್ಮದಲ್ಲಿ ತಮ್ಮನ್ನು ಮುಜುಗರಕ್ಕೆ ಈಡುಮಾಡುವ ಭಾಗವನ್ನೂ ತಾವೇ ಹೇಳುವುದು. ಇನ್ನೊಬ್ಬರ ಧರ್ಮದ ಹುಳುಕನ್ನು ಯಾರೂ ಎತ್ತುವಂತಿಲ್ಲ.

2023ರ ಫೆಬ್ರವರಿ 21ರಂದು ಸಿಯಾಟಲ್ ನಗರಸಭೆ ಜಾತಿ ತಾರತಮ್ಯವನ್ನು ಕಾನೂನಿನಿಂದ ನಿಷೇಧಿಸಿತು. ಅಮೆರಿಕದಲ್ಲಿ ಹಾಗೆ ಮಾಡಿದ ಮೊದಲ ನಗರ ಅದು. ಪರವಾಗಿ 6, ವಿರುದ್ಧವಾಗಿ 1 ಮತ. ಅಲ್ಲಿನ ಭಾರತೀಯರು ಎರಡು ಪಾಲಾದರು. ನಮ್ಮನ್ನು ಮಾತ್ರ ಬೆರಳು ತೋರಿಸುವ ಕಾನೂನು ಎಂದು ಒಂದು ಕಡೆಯವರು, ಅನುಭವಿಸಿದವರಿಗೆ ಮಾತ್ರ ಗೊತ್ತು ಎಂದು ಇನ್ನೊಂದು ಕಡೆಯವರು. ತಂಗಿಯ ಮನೆಯಲ್ಲಿ ಊಟಕ್ಕೆ ಬಂದ ಕನ್ನಡಿಗ ಗೆಳೆಯರಲ್ಲೂ ಎರಡೂ ಕಡೆಯವರಿದ್ದರು. ನಮಗೆ ಅನಿಸಿದ್ದನ್ನು ನಾವೂ ಹೇಳಿದೆವು. ಜಾತಿ ನಮ್ಮ ಚರ್ಚಿನ ಒಳಗೂ ಬಂದು ಕೂತಿದೆ. ಮದುವೆಯ ಮಾತುಕತೆ ಬಂದಾಗ ಅದು ಎದ್ದು ಮಾತಾಡುತ್ತದೆ. ಮೀಕನ ಪುಸ್ತಕ ಓದುವ ನಾವು ಅದನ್ನು ಅಲ್ಲಗಳೆಯಲಾಗದು. ಹಾಗೆ ನಮ್ಮ ಮನೆಯ ಹುಳುಕಿನಿಂದ ಶುರು ಮಾಡಿದ ಮೇಲೆ ಮೇಜಿನ ಆ ಕಡೆಯವರೂ ದನಿ ತಗ್ಗಿಸಿದರು. ಒಪ್ಪಿಗೆಯಾಗಲಿಲ್ಲ. ಆದರೆ ಊಟ ಮುಗಿಯುವವರೆಗೂ ಯಾರೂ ಏಳಲಿಲ್ಲ.

ನಮ್ಮ ತಪ್ಪು

ಈಗ ನಮ್ಮ ವಿಷಯ. 2022ರ ಆರಂಭದಲ್ಲಿ ಉಡುಪಿಯ ಹಿಜಾಬ್ ವಿವಾದ ಊರಿನಲ್ಲೂ ಇಲ್ಲಿಯೂ ಜೋರಾಗಿತ್ತು. ಆಸ್ಪತ್ರೆಯಲ್ಲಿ ಭಟ್ಕಳ ಕಡೆಯ ಸಹೋದ್ಯೋಗಿಯೊಬ್ಬರು ನಮ್ಮ ಜೊತೆಗಿದ್ದರು. ಎಷ್ಟೋ ವರ್ಷ ಬೆಳಗಿನ ಡ್ಯೂಟಿಯಲ್ಲಿ ಒಂದೇ ಡಬ್ಬಿಯಿಂದ ತಿಂದಿದ್ದೇವೆ. ಆ ದಿನಗಳಲ್ಲಿ ಊರಿನ ಗೆಳೆಯರ ವಾಟ್ಸಾಪ್ ಗುಂಪಿಗೆ ಒಂದು ವಿಡಿಯೊ ಬಂತು. ನೋಡಿ ಸಿಟ್ಟು ಬಂತು. ಇನ್ನೊಂದು ಗುಂಪಿಗೆ ದಾಟಿಸಿದೆವು. ಆ ಗುಂಪಿನಲ್ಲಿ ಅವರೂ ಇದ್ದರು.

ಮರುದಿನ ಅವರು ಮೆಲ್ಲಗೆ ಕೇಳಿದರು: "ಅದು ಬೇರೆ ರಾಜ್ಯದ್ದು, ಎಷ್ಟೋ ವರ್ಷ ಹಳೆಯದು. ಗೊತ್ತಿತ್ತಾ?" ಗೊತ್ತಿರಲಿಲ್ಲ. ಆದರೆ ತಪ್ಪಾಯಿತು ಎನ್ನಲಿಲ್ಲ. "ಎಲ್ಲರೂ ಕಳುಹಿಸಿದರು, ನಾವೂ ಕಳುಹಿಸಿದೆವು" ಎಂದೆವು. ಅವರು ಏನೂ ಹೇಳಲಿಲ್ಲ. ಮಾರನೆಯ ದಿನದಿಂದ ಡಬ್ಬಿ ತಂದರೂ ಬೇರೆ ಕಡೆ ಕೂತು ತಿಂದರು. ಕೆಲವು ತಿಂಗಳಲ್ಲಿ ಬೇರೆ ಆಸ್ಪತ್ರೆಗೆ ಹೋದರು.

ಒಂದು ಮಾತ್ರೆಯ ಹೆಸರು ಸ್ಪಷ್ಟವಾಗದಿದ್ದರೆ ನಾವು ವೈದ್ಯರಿಗೆ ಫೋನ್ ಮಾಡದೆ ಕೊಡುವುದಿಲ್ಲ. ರೋಗಿಯ ಹೆಸರು ಎರಡು ಸಲ ಓದುತ್ತೇವೆ. ಅಷ್ಟು ಜಾಗ್ರತೆಯ ಕೈಗಳೇ ಯಾರದೆಂದು ನೋಡದ ವಿಷವನ್ನು ಒಂದು ಕ್ಷಣದಲ್ಲಿ ನೂರು ಜನರಿಗೆ ಹಂಚಿದ್ದವು.

ಬೇನ್‌ಬ್ರಿಜ್‌ನ ಗೋಡೆಯ ಮುಂದೆ ಇದೇ ನೆನಪಾದದ್ದು. ಮರಳಿ ಬಂದ ವಾರದಲ್ಲಿ ಅದೇ ಗುಂಪಿನಲ್ಲಿ ಬರೆದೆವು: ಇಂಥ ವಿಡಿಯೊ ಕಳುಹಿಸಿದ್ದು ನಾವು, ಅದು ಸುಳ್ಳು, ಕ್ಷಮಿಸಿ. ಇಬ್ಬರು ಮೂವರು ಮೆಚ್ಚುಗೆ ಒತ್ತಿದರು. ಒಬ್ಬರು ಹೆದರಿಕೊಂಡಿರಾ ಎಂದು ಕೇಳಿದರು. ಒಬ್ಬರು ಗುಂಪು ಬಿಟ್ಟು ಹೋದರು. ಆಮೇಲೆ ಆ ಗೆಳೆಯರಿಗೆ ಫೋನ್ ಮಾಡಿದೆವು. ಬಹಳ ಹೊತ್ತು ಸುಮ್ಮನಿದ್ದು, "ಆಯ್ತು ಬಿಡಿ, ಮಕ್ಕಳು ಹೇಗಿದ್ದಾರೆ?" ಎಂದರು. ಮೊದಲಿನಂತೆ ಆಗಿದೆ ಎಂದು ಹೇಳಲಾರೆವು. ಮಾತು ಶುರುವಾಗಿದೆ.

ನಾವು ಮಾಡಬಹುದಾದದ್ದು

ಇಲ್ಲಿ ನಮಗೆ ಮತವಿಲ್ಲ. ಊರಿನ ಮತ ಹಾಕಬೇಕಾದರೆ ವಿಮಾನ ಹತ್ತಿ ಹೋಗಬೇಕು. ಹಾಗಾಗಿ ನಮ್ಮ ರಾಜಕೀಯವೆಲ್ಲ ಫೋನಿನಲ್ಲಿ, ರೂಮಿನಲ್ಲಿ, ಊಟದ ಹೊತ್ತಿನಲ್ಲಿ ನಡೆಯುತ್ತದೆ. ಅದರಿಂದ ಗೆಲ್ಲುವವರು ಯಾರೂ ಇಲ್ಲ, ಕಳೆದುಕೊಳ್ಳುವವರು ಇದ್ದಾರೆ. ಯುಎಇಯಲ್ಲಿ ದ್ವೇಷ ಹರಡುವುದರ ವಿರುದ್ಧ 2015ರಿಂದಲೇ ಕಠಿಣ ಕಾನೂನಿದೆ. 2020ರಲ್ಲಿ ಕೋವಿಡ್ ಹೊತ್ತಿಗೆ ಧರ್ಮನಿಂದೆಯ ಪೋಸ್ಟ್ ಹಾಕಿ ಕೆಲಸ ಕಳೆದುಕೊಂಡ ಭಾರತೀಯರ ಸುದ್ದಿ ನಾವೆಲ್ಲ ಓದಿದ್ದೇವೆ. ಆದರೆ ಕೆಲಸ ಹೋಗುತ್ತದೆ ಎಂಬ ಹೆದರಿಕೆಯಿಂದ ಮಾತ್ರ ಸುಮ್ಮನಿರುವುದು ದಯೆಯಲ್ಲ, ಲೆಕ್ಕಾಚಾರ.

ನಾವು ಮನೆಯಲ್ಲಿ ಕೆಲವು ಪದ್ಧತಿ ಮಾಡಿಕೊಂಡಿದ್ದೇವೆ. ಸಿಟ್ಟು ಬರಿಸುವ ಸಂದೇಶ ಬಂದರೆ ಒಂದು ರಾತ್ರಿ ಕಳೆಯುವವರೆಗೆ ಯಾರಿಗೂ ಕಳುಹಿಸುವುದಿಲ್ಲ. ಬೆಳಿಗ್ಗೆ ಅದರಲ್ಲಿರುವ ಹೆಸರನ್ನು ಅದಲು ಬದಲು ಮಾಡಿ ಓದುತ್ತೇವೆ. ಅವರ ಹೆಸರಿದ್ದಲ್ಲಿ ನಮ್ಮವರ ಹೆಸರು ಇಟ್ಟಾಗಲೂ ಇದೇ ಸಿಟ್ಟು ಬರುತ್ತದೆಯೇ? ಬರದಿದ್ದರೆ ಕಲ್ಲು ಬದಲಾಗಿದೆ ಎಂದು ಅರ್ಥ. ತಪ್ಪು ಎಲ್ಲಿ ಮಾಡಿದೆವೋ ಅಲ್ಲೇ ಒಪ್ಪಿಕೊಳ್ಳಬೇಕು. ನೂರು ಜನರ ಮುಂದೆ ಹೇಳಿದ ಸುಳ್ಳಿಗೆ ಮೂಲೆಯಲ್ಲಿ ಕೇಳಿದ ಕ್ಷಮೆ ಸಾಲದು. ಅನ್ಯಾಯ ಕಣ್ಣೆದುರು ನಡೆದಾಗ, ಅದು ನಮ್ಮವರೇ ಮಾಡಿದ್ದಾದರೂ, ಇದು ಸರಿಯಲ್ಲ ಎಂದು ಒಂದು ವಾಕ್ಯ ಹೇಳಬೇಕು.

ವಿಮೋಚನಕಾಂಡದಲ್ಲಿ ಇನ್ನೊಂದು ಆಜ್ಞೆಯಿದೆ. ನಿನ್ನನ್ನು ದ್ವೇಷಿಸುವವನ ಕತ್ತೆ ಹೊರೆಯ ಅಡಿಯಲ್ಲಿ ಬಿದ್ದಿರುವುದನ್ನು ಕಂಡರೆ ದಾಟಿ ಹೋಗಬೇಡ, ನಿಂತು ಅವನೊಡನೆ ಸೇರಿ ಎಬ್ಬಿಸು ಎಂದು. ಶತ್ರುವನ್ನು ಪ್ರೀತಿಸಲು ಮನಸ್ಸು ಬಾರದವರೂ ಅವನ ಕತ್ತೆಯನ್ನು ಎಬ್ಬಿಸಬಹುದು! ಗಲ್ಫ್‌ನಲ್ಲಿ ನಮಗೆ ಅದು ಆಗಲೇ ಗೊತ್ತು. ಯಾರಾದರೂ ತೀರಿಕೊಂಡು ಮೃತದೇಹ ಊರಿಗೆ ಕಳುಹಿಸಬೇಕಾದಾಗ ಮರಣ ಪತ್ರ, ಪೊಲೀಸರ ಪತ್ರ, ರಾಯಭಾರ ಕಚೇರಿಯ ಒಪ್ಪಿಗೆ ಎಂದು ಓಡಾಡುವವರು ತೀರಿಕೊಂಡವನ ಪಕ್ಷ ಯಾವುದು ಎಂದು ಕೇಳುವುದಿಲ್ಲ. ಆಸ್ಪತ್ರೆಯಲ್ಲಿ ರಕ್ತ ಬೇಕು ಎಂದಾಗ ಬರುವ ಹುಡುಗರು ರೋಗಿಯ ಧರ್ಮ ಕೇಳುವುದಿಲ್ಲ. ಸಾವಿನ ಹೊತ್ತಿನಲ್ಲಿ ಬರುವ ಆ ಬುದ್ಧಿ ಬದುಕಿರುವಾಗಲೂ ಒಂದಿಷ್ಟು ಬರಲಿ.

ಬಾಬಿಲೋನಿಗೆ ಸೆರೆಯಾಗಿ ಹೋದ ತನ್ನ ಜನರಿಗೆ ಪ್ರವಾದಿ ಯೆರೆಮೀಯ ಒಂದು ಕಾಗದ ಬರೆದಿದ್ದ. ಮನೆ ಕಟ್ಟಿಕೊಳ್ಳಿ, ತೋಟ ಮಾಡಿಕೊಳ್ಳಿ, ನೀವಿರುವ ಆ ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸಿ, ಅದರ ಕ್ಷೇಮದಲ್ಲೇ ನಿಮ್ಮ ಕ್ಷೇಮವಿದೆ ಎಂಬುದು ಅದರ ಸಾರ. ಊರು ಬಿಟ್ಟು ದುಡಿಯುವ ಎಲ್ಲರಿಗೂ ಬರೆದ ಕಾಗದದಂತಿದೆ. ನಾವಿರುವ ಈ ಊರಿನ ಕ್ಷೇಮ ಎಂದರೆ ಮೊದಲಿಗೆ ನಮ್ಮ ರೂಮಿನ ಕ್ಷೇಮ, ಪಕ್ಕದ ಮಂಚದವನ ಕ್ಷೇಮ.

ಮುಂದಿನ ಚುನಾವಣೆ ಬರುತ್ತದೆ, ಹೋಗುತ್ತದೆ. ಸರ್ಕಾರ ಯಾರದ್ದಾದರೂ ಆಗಲಿ, ಮರುದಿನ ಬೆಳಗಿನ ಡ್ಯೂಟಿಗೆ ಹೋದಾಗ ಎದುರಿಗೆ ಸಿಗುವವರು ಇದೇ ಜನ. ಅವರ ಡಬ್ಬಿ ನಮ್ಮ ಡಬ್ಬಿಯ ಪಕ್ಕದಲ್ಲೇ ತೆರೆಯುವಂತೆ ನಡೆದುಕೊಳ್ಳೋಣ.